ಅಳತೆರಾಯರ ಮುಖಪುಟ

ಹನ್ನೊಂದು ವರ್ಷ ಕೂತು ಬರೆದ ಆತ್ಮಕಥೆಯನ್ನು ಮನೆಯಲ್ಲಿ ಒಬ್ಬರೂ ಓದಲಿಲ್ಲವಲ್ಲ ಎಂಬ ಕೊರಗು ಆ ನಿವೃತ್ತ ಸರ್ವೆಯರನ್ನು ಗೆದ್ದಲಿನಂತೆ ಒಳಗೊಳಗೇ ತಿನ್ನುತ್ತಿತ್ತು. ಮನೆಯಲ್ಲಿ ಒಬ್ಬರೂ ಎಂದರೆ ಬಹಳ ಜನವೇನಲ್ಲ, ಇದ್ದವಳು ಹೆಂಡತಿ ಒಬ್ಬಳೇ. ಅವಳೊಬ್ಬಳು ಓದಿದ್ದರೆ ಮನೆಮಂದಿಯೆಲ್ಲ ಓದಿದಂತಾಗುತ್ತಿತ್ತು. ಅವಳು ಓದಲಿಲ್ಲ. ಹಾಗೆಂದು ಅವರು ನಂಬಿದ್ದರು.

ಬೀದಿಯವರು ಅವರಿಗೆ ಅಳತೆರಾಯರು ಎಂದು ಹೆಸರಿಟ್ಟಿದ್ದರು. ಮೂವತ್ತೈದು ವರ್ಷ ಕಂಡವರ ಜಮೀನನ್ನೆಲ್ಲ ಅಳೆದ ಕೈ, ಕೆಲಸದಿಂದ ಬಿಡುಗಡೆಯಾಯಿತೆಂದು ಮಡಿಲಲ್ಲಿ ಸುಮ್ಮನೆ ಮಲಗುತ್ತದೆಯೇ? ಕಿಟಕಿಯ ಪರದೆ ಒಂದು ಬೆರಳು ಗಿಡ್ಡ, ಮಂಚ ಗೋಡೆಗೆ ಸಮಾನಾಂತರವಾಗಿಲ್ಲ, ಕಾಫಿ ನಿನ್ನೆಗಿಂತ ಕಾಲಿಂಚು ಕೆಳಗಿದೆ. ದಿನವೆಲ್ಲ ಇದೇ ವರದಿ. ಹೆಂಡತಿ ಇದಕ್ಕೆಲ್ಲ ಉತ್ತರ ಕೊಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಅವಳು ಏನಾದರೂ ಕೇಳಿದರೆ ರಾಯರು ದಿನಪತ್ರಿಕೆಯ ಹಿಂದಿನಿಂದ "ಹೂಂ" ಎನ್ನುತ್ತಿದ್ದರು. ಈ ಒಂದಕ್ಷರದ ಆಧಾರದ ಮೇಲೆ ಸಂಸಾರ ಸುಸೂತ್ರವಾಗಿ ನಡೆದಿತ್ತು.

ಆತ್ಮಕಥೆ ಮಾತ್ರ ಸಾಮಾನ್ಯದ್ದಲ್ಲ. ಆರುನೂರ ನಲವತ್ತು ಹಾಳೆ. ಹಾಳೆಯೂ ಎಂಥದು, ನಕ್ಷೆ ಬರೆಯುವ ಗಟ್ಟಿ ಕಾಗದ. ಶಾಯಿಯೂ ನಕ್ಷೆಯದೇ, ಬಕೆಟ್ ನೀರಿನಲ್ಲಿ ಅದ್ದಿಟ್ಟರೂ ಕದಡದಂಥದು. "ನೂರು ವರ್ಷ ಆದ್ಮೇಲೂ ಓದಬಹುದು" ಎಂದು ರಾಯರು ಹೆಮ್ಮೆಪಡುತ್ತಿದ್ದರು. (ಈಗ ಓದುವವರು ಯಾರು ಎಂಬ ಪ್ರಶ್ನೆಯನ್ನು ಯಾರೂ ಎತ್ತುತ್ತಿರಲಿಲ್ಲ.) ಅದನ್ನು ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ ಬೀರುವಿನ ಮೇಲೆ ಪ್ರತಿಷ್ಠಾಪಿಸಿದ್ದರು.

ಹೀಗಿರುವಾಗ ಬಡಾವಣೆಯ ಗ್ರಂಥಾಲಯದ ಸೂರು ಸೋರತೊಡಗಿತು. ರಿಪೇರಿ ಮುಗಿಯುವ ತನಕ ಬಾಗಿಲು ಮುಚ್ಚಬೇಕಾಯಿತು. ಅಲ್ಲಿಯ ಮೇಲ್ವಿಚಾರಕಿ, ಎಲ್ಲರ ಬಾಯಲ್ಲೂ ಲೈಬ್ರರಿ ಮೇಡಂ, ಕೈಕಟ್ಟಿ ಕೂರುವವರ ಪೈಕಿಯಲ್ಲ. ಜನ ಗ್ರಂಥಾಲಯಕ್ಕೆ ಬರಲಾಗದಿದ್ದರೆ ಗ್ರಂಥಾಲಯವೇ ಜನರ ಮನೆಗೆ ಹೋಗಲಿ ಎಂದು ತೀರ್ಮಾನಿಸಿ, ತಿಂಗಳಿಗೊಂದು ಚೀಲ ಮನೆಮನೆಗೂ ಹಂಚಿದರು. ಚೀಲದಲ್ಲಿ ಬಣ್ಣ, ಕುಂಚ, ದಾರ, ಜೊತೆಗೆ ಮಾಡುವ ವಿಧಾನದ ಒಂದು ಚೀಟಿ. ಮೊದಲ ತಿಂಗಳು ಕಲ್ಲಿನ ಮೇಲೆ ಚಿತ್ರ ಬರೆಯುವುದು. ರಾಯರ ಹೆಂಡತಿ ಹನ್ನೆರಡು ಕಪ್ಪೆ ಬರೆದು ಬಚ್ಚಲಿನ ಬಾಗಿಲಲ್ಲಿ ಸಾಲಾಗಿ ಇಟ್ಟಳು. ಕನ್ನಡಕವಿಲ್ಲದೆ ಸ್ನಾನಕ್ಕೆ ಹೊರಟ ರಾಯರು ಅವುಗಳನ್ನು ಕಂಡು ಟವೆಲ್ ಸಮೇತ ಹಜಾರಕ್ಕೆ ಹಾರಿದರು. ಎರಡನೆಯ ತಿಂಗಳು ದಾರದ ಹಕ್ಕಿ. ಅದು ಫ್ಯಾನಿಗೆ ಸುತ್ತಿಕೊಂಡು, ಎರಡು ದಿನ ರಾಯರು ಬೀಸಣಿಗೆಯಿಂದ ಗಾಳಿ ಹಾಕಿಕೊಂಡರು. ಇದೆಲ್ಲ ಮಕ್ಕಳಾಟ, ವಯಸ್ಸಿಗೆ ತಕ್ಕ ಕೆಲಸವಲ್ಲ ಎಂದು ತೀರ್ಪು ಕೊಟ್ಟರು.

ಮೂರನೆಯ ತಿಂಗಳ ಚೀಟಿ ಬಂದಾಗ ಮಾತ್ರ ಅವರ ತೀರ್ಪು ಬದಲಾಯಿತು. ಮನೆಯಲ್ಲಿರುವ ಒಬ್ಬರ ಮುಖದ ಮೇಲೆಯೇ ಅಂಟು ಹಚ್ಚಿದ ಕಾಗದದ ಪಟ್ಟಿಗಳನ್ನು ಪದರಪದರವಾಗಿ ಕೂರಿಸಿ, ಅಚ್ಚು ತೆಗೆದು, ಮುಖವಾಡ ಮಾಡಬೇಕು. ಸೂರು ಸರಿಹೋದ ದಿನ ಎಲ್ಲ ಮುಖವಾಡಗಳ ಪ್ರದರ್ಶನ. ಹೆಂಡತಿ "ನಿಮ್ಮ ಮುಖ ಮಾಡ್ತೀನಿ" ಅಂದಾಗ ರಾಯರು ದಿನಪತ್ರಿಕೆಯನ್ನು ಪೂರ್ತಿ ಕೆಳಗಿಳಿಸಿದರು. ಅದು ಅಪರೂಪದ ಘಟನೆ. ಇಲಾಖೆ ಮಾಡದ ಸನ್ಮಾನವನ್ನು ಮನೆಯವಳಾದರೂ ಮಾಡುತ್ತಿದ್ದಾಳಲ್ಲ ಎಂದು ಅವರ ಎದೆ ಅಳತೆ ಮೀರಿ ಉಬ್ಬಿತು.

ಮರುದಿನ ಬೆಳಿಗ್ಗೆ ಆರಾಮಕುರ್ಚಿಯಲ್ಲಿ ಅವರನ್ನು ಮಲಗಿಸಿ, ಮುಖಕ್ಕೆಲ್ಲ ವ್ಯಾಸಲೀನ್ ಮೆತ್ತಿ, ಮೀಸೆಗೆ ಎರಡು ಪಾಲು ಮೆತ್ತಿ, ಒಂದು ಗಂಟೆ ಕಣ್ಣು ಬಿಡಬಾರದು, ಮಾತಂತೂ ಆಡಲೇಬಾರದು ಎಂದು ಹೆಂಡತಿ ಅಪ್ಪಣೆ ಮಾಡಿದಳು. (ಚೀಟಿಯಲ್ಲಿದ್ದದ್ದು ಇಪ್ಪತ್ತೇ ನಿಮಿಷ. ಉಳಿದ ನಲವತ್ತು ಅವಳ ಸ್ವಂತ ಸೇರ್ಪಡೆ.) ಪಕ್ಕದಲ್ಲಿ ಕಾಗದ ಹರಿಯುವ ಸದ್ದು ಚರ್ರ್ ಚರ್ರ್ ಎಂದು ಒಂದೇ ಲಯದಲ್ಲಿ ಬರುತ್ತಿತ್ತು. ತಣ್ಣನೆಯ ಮೈದಾ ಅಂಟು ಕೆನ್ನೆಯ ಮೇಲೆ ಹಿತವಾಗಿತ್ತು. ರಾಯರಿಗೆ ಸೊಗಸಾದ ನಿದ್ದೆ ಬಂತು. ಎದ್ದಾಗ ಮುಖವಾಡ ಒಣಗಲು ತಾರಸಿಗೆ ಹೋಗಿತ್ತು. ತೋರಿಸು ಎಂದರೆ, ಪ್ರದರ್ಶನದ ದಿನವೇ ನೋಡಿ ಎಂದು ಅವಳು ಒಪ್ಪಲಿಲ್ಲ.

ಆ ದಿನ ರಾಯರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸನ್ಮಾನಿತರ ನಡಿಗೆಯಲ್ಲಿ ಗ್ರಂಥಾಲಯಕ್ಕೆ ಹೋದರು. ಹೊಸ ಸುಣ್ಣದ ವಾಸನೆಯ ಸಭಾಂಗಣದ ಗೋಡೆಯುದ್ದಕ್ಕೂ ಇಪ್ಪತ್ತಮೂರು ಮುಖಗಳು ನೇತಾಡುತ್ತಿದ್ದವು. ತಮ್ಮದನ್ನು ಹುಡುಕುವುದು ಕಷ್ಟವಾಗಲಿಲ್ಲ. ಒಂದು, ಮೂಗು. ಎರಡು, ಅದರ ಮುಂದೆ ಗುಂಪು. ಜನ ಬಗ್ಗಿ ಬಗ್ಗಿ ನೋಡಿ, ಒಬ್ಬರಿಗೊಬ್ಬರು ತೋರಿಸಿ ನಗುತ್ತಿದ್ದರು. ಮುಖವಾಡಕ್ಕೆ ಬಣ್ಣವೇ ಬಳಿದಿರಲಿಲ್ಲ. ಮೇಲೆಲ್ಲ ಏನೋ ಕಪ್ಪು ಬರವಣಿಗೆ. ರಾಯರು ಓದುವ ಕನ್ನಡಕ ಏರಿಸಿ ಹತ್ತಿರ ಹೋದರು.

ಬೋಳು ಹಣೆಯ ಮೇಲೆ ಹೀಗಿತ್ತು: "ಕಣ್ಣು ಹಾಯುವಷ್ಟು ದೂರ ಬಯಲು, ಹುಲ್ಲುಕಡ್ಡಿ ಸಹ ಇಲ್ಲ."

ಅಕ್ಷರ ಎಲ್ಲೋ ನೋಡಿದ ಹಾಗಿದೆಯಲ್ಲ ಅಂದುಕೊಂಡರು. ಮೂಗಿನ ಮೇಲೆ: "ಈ ಪ್ರದೇಶದಲ್ಲಿ ಇದಕ್ಕಿಂತ ಎತ್ತರದ ದಿಬ್ಬ ಇನ್ನೊಂದಿಲ್ಲ." ಎರಡೂ ಕಿವಿಗಳಿಗೆ ಸೇರಿದಂತೆ ಒಂದೇ ವಾಕ್ಯ, ಎಡಗಿವಿಯಲ್ಲಿ ಶುರುವಾಗಿ ಬಲಗಿವಿಯಲ್ಲಿ ಮುಗಿದಿತ್ತು: "ಇಲ್ಲಿ ಎರಡು ಬಾವಿಗಳಿದ್ದು, ಬಹಳ ಕಾಲದಿಂದ ಮುಚ್ಚಿಹೋಗಿವೆ."

ಅಕ್ಷರ ಯಾರದೆಂದು ಆಗ ಹೊಳೆಯಿತು. ರಾಯರ ಕಾಲ ಕೆಳಗಿನ ನೆಲ ಕುಸಿಯಿತು. (ಆ ನೆಲವನ್ನೂ ಹಿಂದೊಮ್ಮೆ ಅವರೇ ಅಳೆದಿದ್ದರು.) ಹನ್ನೊಂದು ವರ್ಷದ ತಪಸ್ಸು ಚೂರುಚೂರಾಗಿ ತಮ್ಮ ಮೋರೆಗೇ ಮೆತ್ತಿಕೊಂಡಿತ್ತು. ಪುಸ್ತಕಕ್ಕೆ ಎಂಥ ಮುಖಪುಟ ಹಾಕಿಸಲಿ ಎಂದು ತಲೆ ಕೆಡಿಸಿಕೊಂಡಿದ್ದವರಿಗೆ ಪುಸ್ತಕವೇ ಮುಖಪುಟವಾಗಿ ಎದುರು ನಿಂತಿತ್ತು.

ಒಂದು ಮುಖಕ್ಕೆ ಎಷ್ಟು ಹಾಳೆ ಹಿಡಿದೀತು, ಮೂವತ್ತೋ ನಲವತ್ತೋ, ಉಳಿದದ್ದು ಪೆಟ್ಟಿಗೆಯಲ್ಲಿ ಕ್ಷೇಮವಾಗಿರಬೇಕು ಎಂದು ಅವರು ಗೋಡೆ ಹಿಡಿದು ಸಮಾಧಾನ ತಂದುಕೊಳ್ಳುವಷ್ಟರಲ್ಲಿ, ಪಕ್ಕದ ಮುಖದ ಮೇಲೆ ಕಣ್ಣು ಬಿತ್ತು. ಅದು ದರ್ಜಿಯ ಮುಖ. ಅದರ ಗಲ್ಲದ ಮೇಲೆ ರಾಯರ ಬಾಲ್ಯ. ಅದರಾಚೆ ಬೇಕರಿಯವನ ಅತ್ತೆ. ಅವರ ಕೆನ್ನೆಯಲ್ಲಿ ರಾಯರ ಪ್ರಥಮ ಬಡ್ತಿ. ಗೋಡೆಯ ಈ ತುದಿಯಿಂದ ಆ ತುದಿಗೆ ಅವರು ಓಡಿದರು. ಇಪ್ಪತ್ತಮೂರು ಮುಖಗಳಲ್ಲೂ ಅವರ ಜೀವನವೇ ಇತ್ತು. ದಿನಪತ್ರಿಕೆಯ ಕಾಗದ ಮುಖದ ಮೇಲೆ ನಿಲ್ಲುವುದಿಲ್ಲ ಎಂದು ಬೀದಿಯವರೆಲ್ಲ ಗೊಣಗುತ್ತಿದ್ದರಂತೆ. ಮನೆಯಲ್ಲಿ ಗಟ್ಟಿ ಕಾಗದ ಒಂದು ಪೆಟ್ಟಿಗೆ ಬಿದ್ದಿದೆ ಎಂದು ಹೆಂಡತಿ ಬಾಗಿಲು ಬಾಗಿಲಿಗೂ ಹೋಗಿ ಹಂಚಿದ್ದಳಂತೆ. ಲೈಬ್ರರಿ ಮೇಡಂ ಅದನ್ನು ಬಹಳ ಮೆಚ್ಚಿಕೊಂಡು ಹೇಳಿದರು.

ಅಷ್ಟರಲ್ಲಿ ಪಕ್ಕದ ಮನೆಯ ಹಲ್ಲಿನ ಡಾಕ್ಟರು ತಮ್ಮ ಮುಖವಾಡವನ್ನು ಗೋಡೆಯಿಂದ ಕಳಚಿ ಕೈಯಲ್ಲಿ ಹಿಡಿದುಕೊಂಡು ಬಂದರು. ಅದರ ದವಡೆಯ ಮೇಲೆ, ಒಂದು ಅಲ್ಪವಿರಾಮವೂ ಕೆಡದಂತೆ, ಸ್ಪಷ್ಟವಾಗಿ ಬರೆದಿತ್ತು: "ಹಲ್ಲಿನ ಡಾಕ್ಟರು ಊರಲ್ಲಿಲ್ಲದ ದಿನ, ಅವರ ಗೋಡೆ ಅಳೆದೆ. ಒಂದು ಗೇಣು ನಮ್ಮ ಕಡೆಗೆ ಬಂದಿದೆ. ಮನುಷ್ಯ ನಂಬಿಕೆಗೆ ಯೋಗ್ಯನಲ್ಲ."

"ಸಾರ್," ಎಂದರು ಡಾಕ್ಟರು, ಮೆಲ್ಲಗೆ. "ಹೋದ ವರ್ಷ ನಿಮ್ಮ ಎರಡು ದವಡೆ ಹಲ್ಲು ಕಿತ್ತೆ. ಅಷ್ಟು ಹೊತ್ತು ಬಾಯಿ ತೆಗೆದೇ ಕೂತಿದ್ರಿ. ಆಗ್ಲಾದ್ರೂ ಒಂದು ಮಾತು ಹೇಳಬಹುದಿತ್ತಲ್ಲ."

ರಾಯರು ಬೆವೆತು ನೀರಾದರು. ಆ ಅಳತೆಯಲ್ಲಿ ಟೇಪು ಸ್ವಲ್ಪ ಸಡಿಲವಿದ್ದಿರಬಹುದು, ಮತ್ತೊಮ್ಮೆ ಇಬ್ಬರೂ ಸೇರಿ ಅಳೆಯೋಣ ಎಂದೇನೋ ತೊದಲಿದರು. ಆದರೆ ಅವರ ದಿಗಿಲಿಗೆ ಇನ್ನೂ ಮೇಲಿನ ಮೆಟ್ಟಿಲೊಂದು ಬಾಕಿಯಿತ್ತು. ಮೇಡಂ ಎಲ್ಲರನ್ನೂ ರಾಯರ ಮುಖವಾಡದ ಮುಂದೆ ಸೇರಿಸಿ, ಇದರಲ್ಲಿ ಬಹಳ ಸೊಗಸಾದ ಭಾಗ ತುಟಿಗಳು ಎಂದು, ಅಲ್ಲಿದ್ದದ್ದನ್ನು ಗಟ್ಟಿಯಾಗಿ ಓದಿದರು.

"ಆ ವರ್ಷ ಎರಡು ಘಟನೆಗಳು ನಡೆದವು. ಇಲಾಖೆಗೆ ಹೊಸ ದುರ್ಬೀನು ಬಂತು. ನನಗೆ ಮದುವೆಯಾಯಿತು. ದುರ್ಬೀನಿನ ವಿಚಾರವನ್ನು ಮುಂದಿನ ಅಧ್ಯಾಯದಲ್ಲಿ ವಿವರವಾಗಿ ನೋಡೋಣ."

ಇಡೀ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಹಲ್ಲಿನ ಡಾಕ್ಟರಂತೂ ತಮ್ಮ ಸ್ವಂತ ಹಲ್ಲುಗಳನ್ನು ಸಮಸ್ತರಿಗೂ ತೋರಿಸಿದರು. ನಗದೆ ಇದ್ದವರು ಇಬ್ಬರೇ. ಒಬ್ಬರು ರಾಯರು. ಇನ್ನೊಬ್ಬಳು ಕಿಟಕಿಯ ಹತ್ತಿರ ಕೈಯಲ್ಲಿ ಚೀಲ ಹಿಡಿದು ನಿಂತಿದ್ದ ಅವರ ಹೆಂಡತಿ. ಅವಳು ಅವರನ್ನೇ ನೋಡುತ್ತಿದ್ದಳು. ಸಿಟ್ಟೇನೂ ಕಾಣಲಿಲ್ಲ. ಸಿಟ್ಟಿದ್ದಿದ್ದರೆ ರಾಯರಿಗೆ ಎಷ್ಟೋ ಹಗುರವಾಗುತ್ತಿತ್ತು.

ಪ್ರದರ್ಶನ ಮುಗಿದಾಗ ಅವಳು ಮುಖವಾಡವನ್ನು ಗೋಡೆಯಿಂದ ಇಳಿಸಿ ಚೀಲಕ್ಕೆ ಹಾಕಿಕೊಂಡಳು. ಮನೆಗೆ ಬಂದವರೇ ರಾಯರು ಕುರ್ಚಿ ಹತ್ತಿ ಬೀರುವಿನ ಮೇಲೆ ತಡಕಿದರು. ಪೆಟ್ಟಿಗೆಯಿತ್ತು. ತಳದಲ್ಲಿ ಎರಡು ಗುಂಡುಸೂಜಿ, ಒಂದು ಸತ್ತ ಜಿರಳೆ.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಎಂದರು, ಕುರ್ಚಿಯ ಮೇಲಿಂದಲೇ. ಸ್ವರ ತಮಗೇ ಗುರುತು ಸಿಗದಷ್ಟು ತೆಳುವಾಗಿತ್ತು.

"ಮೂರು ದಿನ ಕೇಳಿದೆ. ಆ ಪೆಟ್ಟಿಗೆ ಕಾಗದ ತಗೊಳ್ಳಲಾ, ಎಲ್ಲಾ ಹರಿದುಬಿಡ್ಲಾ, ಬೀದಿಯವರಿಗೂ ಕೊಟ್ಬಿಡ್ಲಾ ಅಂತ. ಮೂರು ದಿನವೂ ಹೂಂ ಅಂದ್ರಿ."

ಅದನ್ನು ಅಲ್ಲಗಳೆಯುವ ಧೈರ್ಯ ರಾಯರಿಗಿರಲಿಲ್ಲ. ಹಣೆಗೆ ಬಯಲು, ಮೂಗಿಗೆ ದಿಬ್ಬ, ಕಿವಿಗೆ ಬಾವಿ ಇವೆಲ್ಲ ತಂತಾನೇ ಬಂದು ಕೂತ ಸಾಲುಗಳಲ್ಲ, ಹುಡುಕಿ ಆರಿಸಿದ ಸಾಲುಗಳು ಎಂಬುದು ಆಗಷ್ಟೇ ಅವರ ತಲೆಗೆ ಇಳಿಯುತ್ತಿತ್ತು. ಆರುನೂರ ನಲವತ್ತು ಹಾಳೆಯಲ್ಲಿ ಹುಡುಕಬೇಕಾದರೆ...

"ನೀನು ಅದನ್ನ ಓದಿದ್ಯಾ?"

"ಎರಡು ಸಲ."

ಹನ್ನೊಂದು ವರ್ಷ ಅವರು ಕಾದಿದ್ದ ಮಾತು. ಹೀಗೆ ಖಾಲಿ ಪೆಟ್ಟಿಗೆಯ ಮುಂದೆ ಬರಬೇಕೇ? ಆದರೂ ಎರಡು ಸಲ ಎಂದದ್ದು ಕೇಳಿ ಅವರೊಳಗಿನ ಲೇಖಕ ಎದ್ದು ಕೂತ. ಅಷ್ಟು ಚೆನ್ನಾಗಿತ್ತಾ ಎಂದು ಕೇಳಿಯೇಬಿಟ್ಟರು.

"ಮೊದಲನೇ ಸಲ ಓದ್ದಾಗ ನಾನು ಒಂದೇ ಸಾಲಿನಲ್ಲಿ ಬಂದು ಹೋದೆ," ಎಂದಳು ಅವಳು, ಚೀಲದಿಂದ ಮುಖವಾಡ ತೆಗೆದು ಮೇಜಿನ ಮೇಲಿಡುತ್ತ. "ಎಲ್ಲೋ ಕಣ್ತಪ್ಪಿರಬಹುದು ಅಂತ ಇನ್ನೊಂದು ಸಲ ಓದಿದೆ."

ರಾಯರು ಕುರ್ಚಿಯಿಂದ ಇಳಿದರು. ಮೂವತ್ತಾರು ವರ್ಷ ಒಂದೇ ಸೂರಿನ ಕೆಳಗಿದ್ದವಳಿಗೆ ಇಷ್ಟು ದೊಡ್ಡ ನಕ್ಷೆಯಲ್ಲಿ ಒಂದು ಚುಕ್ಕಿಗಿಂತ ಹೆಚ್ಚು ಜಾಗ ಕೊಡಲಿಲ್ಲವಲ್ಲ ಎಂಬುದು ಎದೆಗೆ ತಟ್ಟಿತು. ಪುಸ್ತಕ ಹೋದದ್ದಕ್ಕಿಂತ ಅದೇ ಹೆಚ್ಚು ನೋಯಿಸಿತು. ಅಂದು ಸಂಜೆ ಕಾಫಿ ಎಷ್ಟು ಕೆಳಗಿತ್ತೆಂದು ಅವರು ನೋಡಲಿಲ್ಲ.

ವಾರದೊಳಗೆ ಮೇಡಂ ಮನೆಗೇ ಬಂದರು. ಜನ ಒಂದೊಂದು ಮುಖದಲ್ಲಿ ಒಂದೊಂದು ತುಂಡು ಓದಿ, ಮುಂದೇನಾಯಿತು ಎಂದು ಪೀಡಿಸುತ್ತಿದ್ದಾರೆ, ಪೂರ್ತಿ ಪುಸ್ತಕ ಕೊಟ್ಟರೆ ಗ್ರಂಥಾಲಯದಲ್ಲಿಡುತ್ತೇನೆ ಎಂದರು. ಪುಸ್ತಕ ಈಗ ಇಪ್ಪತ್ತಮೂರು ಮನೆಗಳಲ್ಲಿ ಚದುರಿದೆ ಎಂದು ರಾಯರು ಹೇಳಿದಾಗ, ಹಾಗಾದರೆ ಮತ್ತೆ ಬರೆಯಿರಿ ಎಂದು ಹುರಿದುಂಬಿಸಿ, ಒಂದು ಕಟ್ಟು ಹೊಸ ಕಾಗದ ಇಟ್ಟು ಹೋದರು.

ಮರುದಿನ ಬೆಳಿಗ್ಗೆಯೇ ರಾಯರು ಮೇಜಿನ ಮುಂದೆ ಕೂತರು. ಎದುರಿಗೆ ಇನ್ನೊಂದು ಕುರ್ಚಿ ಹಾಕಿ, ಹೆಂಡತಿಯನ್ನು ಕರೆದು ಕೂರಿಸಿದರು. ಈ ಸಲ ಮೊದಲು ನಿನ್ನ ಕಥೆ, ನೀನು ಹೇಳು, ನಾನು ಬರೆದುಕೊಳ್ಳುತ್ತೇನೆ ಎಂದರು. ತಮ್ಮ ಔದಾರ್ಯಕ್ಕೆ ತಾವೇ ಮನಸ್ಸಿನಲ್ಲಿ ಶಹಬ್ಬಾಸ್ ಅಂದುಕೊಂಡರು. ನಾಲ್ಕು ಪುಟದಲ್ಲಿ ಮುಗಿದೀತು ಎಂಬುದು ಅವರ ಅಂದಾಜು.

ಅವರ ಅಂದಾಜು ಎಂದೂ ಇಷ್ಟು ತಪ್ಪಿರಲಿಲ್ಲ. ಅವಳು ಹುಟ್ಟಿದ ಮನೆಗೇ ಹದಿನೆಂಟು ಪುಟ ಹಿಡಿಯಿತು. ಶಾಲೆ, ಗೆಳತಿಯರು, ನಾಟಕದಲ್ಲಿ ರಾಜನ ಪಾತ್ರ, ಓಟದಲ್ಲಿ ಗೆದ್ದ ಪದಕ ಎಲ್ಲ ಒಂದೊಂದಾಗಿ ಹೊರಬಂದವು. ಒಂದೂ ರಾಯರಿಗೆ ಗೊತ್ತಿರಲಿಲ್ಲ. ಪ್ರತಿ ಪುಟಕ್ಕೂ ಅವರ ಹುಬ್ಬು ಮೇಲೇರಿ, ಮೂರನೆಯ ವಾರಕ್ಕೆ ಅಲ್ಲೇ ನಿಂತುಬಿಟ್ಟಿತು. ನೂರ ಹನ್ನೆರಡನೆಯ ಪುಟದಲ್ಲಿ ಅವಳಿಗೆ ಇನ್ನೂ ಇಪ್ಪತ್ತು ವರ್ಷ. ಬೆರಳು ಮರಗಟ್ಟಿದ ರಾಯರು ಪೆನ್ನನ್ನು ಕೆಳಗಿಟ್ಟು ಕೇಳಿದರು:

"ಅಲ್ಲಾ, ಇದರಲ್ಲಿ ನಾನು ಬರೋದು ಯಾವಾಗ?"

"ಅವಸರ ಮಾಡಬೇಡಿ. ನಿಮಗಿಂತ ಮುಂಚೆ ನನ್ನನ್ನ ಮದುವೆಗೆ ಕೇಳಿದೋರು ಇಬ್ಬರಿದ್ರು. ಮೊದಲು ಅವರು ಬರಲಿ."

ರಾಯರು ಬಾಯಿ ತೆರೆದರು. ಮುಚ್ಚುವುದು ಹೇಗೆಂದು ಮರೆತುಹೋಯಿತು.

"ಬರ್ಕೊಳ್ಳಿ," ಎಂದಳು ಅವಳು, ಕುರ್ಚಿಗೆ ಚೆನ್ನಾಗಿ ಒರಗಿಕೊಳ್ಳುತ್ತ. "ಮೊದಲನೆಯವರು ತುಂಬ ಎತ್ತರ."