ಹಾಯಿದೋಣಿಯವರು ಮನೆಯಲ್ಲಿಲ್ಲ

ಬೆಳಿಗ್ಗೆ ಎದ್ದು ಒಲೆಯ ಬೂದಿ ತೆಗೆದೆ, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ, ಹಾಲು ಕಾಯಿಸಿದೆ, ಉದ್ದಿನಬೇಳೆ ಬಿಸಿಲಿಗೆ ಹರಡಿದೆ, ಪುಳಿಯೋಗರೆ ಕಲಸಿ ಬುತ್ತಿ ಕಟ್ಟಿದೆ, ಗಂಡನಿಗೆ ಆರತಿ ಎತ್ತಿ ಸಮುದ್ರಕ್ಕೆ ಕಳಿಸಿಕೊಟ್ಟೆ, ಬೇಳೆ ಒಳಗೆ ತಂದೆ, ದೀಪ ಹಚ್ಚಿದೆ, ಗಂಡನನ್ನು ಹಿತ್ತಿಲ ಬಾಗಿಲಿನಿಂದ ಒಳಗೆ ಬಿಟ್ಟುಕೊಂಡೆ. ಯಲಹಂಕದಲ್ಲಿ ಸಂಸಾರ ಮಾಡುವವಳಿಗೆ ಇದೇನೂ ಹೆಚ್ಚಲ್ಲ.

ಗಂಡಸರಿಗೆ ಒಂದು ವಯಸ್ಸು ದಾಟಿದ ಮೇಲೆ ಏನಾದರೂ ಹಿಡಿದುಕೊಳ್ಳುತ್ತದೆ. ಕೆಲವರಿಗೆ ವೇದಾಂತ, ಕೆಲವರಿಗೆ ಹೋಮಿಯೋಪತಿ. ನಮ್ಮ ಯಜಮಾನರಿಗೆ ಹಿಡಿದದ್ದು ಹಾಯಿದೋಣಿ. ಅದೂ ಬಟ್ಟೆ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಚಿತ್ರದಿಂದ. "ನಮ್ಮ ಕೆರೆ ಕೋಡಿ ಬಿದ್ದಿದೆ ಕಣೇ. ಇಲ್ಲಿಂದ ಜಕ್ಕೂರು, ಆಮೇಲೆ ರಾಚೇನಹಳ್ಳಿ, ನಾಗವಾರ... ಹೀಗೇ ಕೆರೆಯಿಂದ ಕೆರೆಗೆ ಇಳೀತಾ ಹೋದ್ರೆ ಪಿನಾಕಿನಿ, ಅಲ್ಲಿಂದ ಸಮುದ್ರ!" "ಈಜು ಬರುತ್ತಾ?" ಅಂದೆ. "ದೋಣೀಲಿ ಹೋಗೋನಿಗೆ ಈಜು ಯಾಕೆ?" ಅಂದರು. ಯಶವಂತಪುರದಲ್ಲಿ ರೈಲು ಹತ್ತಿಸಿ ತುಮಕೂರಿಗೆ, ನಮ್ಮಕ್ಕನ ಮನೆಗೆ ಕರೆದುಕೊಂಡು ಹೋಗುತ್ತೇನೆಂದು ಕೂಡಿಟ್ಟ ರಜೆಯನ್ನೆಲ್ಲ ಸಮುದ್ರಕ್ಕೆ ಬರೆದುಕೊಟ್ಟು ಬಂದರು. ಎಲ್ಲಿಂದಲೋ ಒಂದು ಹಳೇ ದೋಣಿ ಬಂತು, ನನ್ನ ಒಂಬತ್ತು ಗಜದ ಸೀರೆ ಅದಕ್ಕೆ ಹಾಯಿಯಾಯಿತು. ಹೊಲಿದುಕೊಟ್ಟವಳೂ ನಾನೇ.

ಬೀದಿಗೆ ಬೀದಿಯೇ ಕೆರೆ ಏರಿಯ ಮೇಲೆ ನಿಂತು ಬೀಳ್ಕೊಟ್ಟಿತು. ಹಾರ ಹಾಕಿದರು, ಕಾಯಿ ಒಡೆದರು, ಗಾಡಿಯ ಚಕ್ರಕ್ಕೆ ಇಡುವ ಹಾಗೆ ದೋಣಿಯ ಅಡಿಗೂ ನಿಂಬೆಹಣ್ಣು ಇಟ್ಟರು. ಅದು ತೇಲಿಕೊಂಡು ದೋಣಿಗಿಂತ ಮೊದಲೇ ಹೊರಟುಹೋಯಿತು. ಎದುರುಮನೆ ಪುಟ್ಟಮ್ಮನವರು ಕಣ್ಣೊರೆಸಿಕೊಂಡು, "ದಾರೀಲಿ ಮೀನು ಗೀನು ಮುಟ್ಟಬೇಡಿ ರಾಯರೇ" ಅಂದರು. ಜೊಂಡಿನಾಚೆ ಹಾಯಿ ಮರೆಯಾಗುವವರೆಗೂ ಎಲ್ಲರೂ ಕೈಬೀಸಿದರು. ಮುಂದಿನದು ಯಜಮಾನರೇ ಹೇಳಿದ್ದು. ಕೋಡಿಯಲ್ಲಿ ಪಾದ ನೆನೆಯುವಷ್ಟೇ ನೀರು. ದೋಣಿ ಕೆಸರಿನಲ್ಲಿ ಕೂತುಬಿಟ್ಟಿತು. ಎಮ್ಮೆ ಹೊಡೆದುಕೊಂಡು ಬಂದ ಹೆಂಗಸೊಬ್ಬಳು, "ಸ್ವಾಮೇರು ಇಂಗೆ ಎಲ್ಲಿಗ್ ಒಂಟ್ರಿ?" ಅಂದಳಂತೆ. "ಸಮುದ್ರಕ್ಕಮ್ಮ." "ಓಗೀರಂತೆ, ವಸಿ ಸರ್ಕಳಿ, ಎಮ್ಮೆ ದಾಟ್ಲಿ." ಕತ್ತಲಾಗುವವರೆಗೆ ಜೊಂಡಿನಲ್ಲೇ ಕೂತಿದ್ದು, ಹಾಯಿಯನ್ನು ತಲೆತುಂಬ ಹೊದ್ದುಕೊಂಡು ಹಿತ್ತಿಲಿಗೆ ಬಂದಿದ್ದರು.

"ರಜೆ ಮುಗಿಯೋವರೆಗೆ ನಾನು ಮನೇಲಿಲ್ಲ, ತಿಳೀತಾ?" ಅಂದು ಬಾಯಿ ಮುಚ್ಚುವಷ್ಟರಲ್ಲಿ ಪುಟ್ಟಮ್ಮನವರು ಬಾಗಿಲಿಗೆ ಬಂದರು. "ಎಲ್ಲೀವರೆಗೆ ಹೋಗಿರಬಹುದು ರೀ?" "ಗಾಳಿ ಚೆನ್ನಾಗಿದೆ, ಹೊಸಕೋಟೆ ಹತ್ತಿರ ಇರಬಹುದು" ಅಂದೆ. ಆಕೆ ಕೈಮುಗಿದು ಹೋದರು. ಅಡುಗೆಮನೆಯಿಂದ ಪಿಸುಮಾತು: "ಒಂದೇ ದಿನಕ್ಕೆ ಹೊಸಕೋಟೇನಾ? ಸ್ವಲ್ಪ ನಿಧಾನವಾಗಿ ಕರ್ಕೊಂಡು ಹೋಗೇ!"

"ನೀವು ಎಷ್ಟು ನಿಧಾನವಾಗಾದ್ರೂ ಹೋಗಿ. ನಾನು ಬೆಳಿಗ್ಗೆ ತುಮಕೂರಿಗೆ ಹೊರಟೆ. ಯಾರೂ ಇಲ್ಲದ ಮನೆಗೆ ಹೊರಗಿನಿಂದ ಬೀಗ ಹಾಕ್ಕೊಂಡು ಹೋಗೋದು ತಾನೆ?"

"ಮತ್ತೆ ನನ್ನ ಊಟ?"

"ಸಮುದ್ರಕ್ಕೆ ಅಂತ ಕಟ್ಟಿದ ಅವಲಕ್ಕಿ, ಹುರಿಹಿಟ್ಟು ಹಾಗೇ ಇದೆಯಲ್ಲ."

ರಾತ್ರಿ ಊಟಕ್ಕೆ ಕೆರೆ ನೋಡಿ ಬಂದ ಪುಳಿಯೋಗರೆಯೇ. ಯಜಮಾನರು ಎರಡು ಸಲ ಬಡಿಸಿಕೊಂಡು, ಕ್ಯಾಲೆಂಡರಿಗೆ ಬೆನ್ನು ಹಾಕಿ ಮೊದಲು ಮಲಗಿದರು. ನಾನು ಬೀಗಕ್ಕೆ ಎಣ್ಣೆ ಬಿಟ್ಟೆ, ಟ್ರಂಕಿಗೆ ಸೀರೆ ತುಂಬಿದೆ. ಆಮೇಲೆ ಅವಲಕ್ಕಿ ಡಬ್ಬಿ ಅಲ್ಲಾಡಿಸಿ ನೋಡಿ, ಸಾಲದೇನೋ ಅನ್ನಿಸಿ, ಮತ್ತೆ ಒಲೆ ಹಚ್ಚಿ ಗೊಜ್ಜು ಕುದಿಯಲು ಇಟ್ಟುಕೊಂಡು ಕೂತೆ.