ನನಗಿಂತ ಮುಂಚೆ ಇದ್ದ ಮೇಷ್ಟ್ರು

ಇಂಗ್ಲಿಷ್ ಟೀಚರ್ ಕೆಲಸ ಅಂದ್ರೆ ಹೀಗೇ. ಕ್ಲಾಸಲ್ಲಿ ಆಡಿದ ಮಾತು ಯಾವತ್ತು ಎಲ್ಲಿ ಮೊಳಕೆ ಒಡೆಯುತ್ತೋ ದೇವರೇ ಬಲ್ಲ.

೧

ದಿಬ್ಬೂರಹಳ್ಳಿ ಕಡೆಯ ಒಂದು ಹೈಸ್ಕೂಲಿಗೆ ವರ್ಗವಾಗಿ ಬಂದೆ. ನನಗಿಂತ ಮುಂಚೆ ಅಲ್ಲಿ ಇಂಗ್ಲಿಷ್ ಹೇಳಿಕೊಡ್ತಿದ್ದ ಮೇಷ್ಟ್ರು ರಿಟೈರಾಗಿ ಚಿಂತಾಮಣಿ ಸೇರಿದ್ದರು. ನಾನು ಬೋರ್ಡಿನ ಮೇಲೆ ಬರೆದರೆ ಮಕ್ಕಳು, "ಹಳೇ ಸಾರ್ ಅಕ್ಷರ ಇನ್ನೂ ದಪ್ಪ ಮಿಸ್." ಬೈದರೆ, "ಹಳೇ ಸಾರ್ ಬೈದ್ರೆ ನಗು ಬರ್ತಿತ್ತು ಮಿಸ್."

ಒಂದಿನ ಕ್ಲಾಸು ಗಪ್‌ಚಿಪ್. ಅಬ್ಬಾ, ಗೆದ್ದೆ ಅಂದ್ಕೊಂಡೆ. ನೋಡಿದರೆ ಅರ್ಧಕ್ಕರ್ಧ ಮಕ್ಕಳು ನಿದ್ದೆ! ಬೆಳಗಿನ ಜಾವವೇ ಎದ್ದು ರೇಷ್ಮೆಹುಳಕ್ಕೆ ಸೊಪ್ಪು ಹಾಕಿ ಬಂದಿದ್ದವು ಪಾಪ. "ಹಳೇ ಸಾರ್ ಆಗಿದ್ರೆ ಏನ್ಮಾಡ್ತಿದ್ರು?" ಅಂತ ಕ್ಲಾಸ್ ಲೀಡರ್ ಹುಡುಗೀನ ಕೇಳಿದೆ.

"ಅವರೂ ಮಲಗ್ತಿದ್ರು ಮಿಸ್."

೨

ಹತ್ತನೇ ಕ್ಲಾಸು. ಮಕ್ಕಳು ಫೇಲಾದರೆ ಗತಿ? ಹಳೇ ಮೇಷ್ಟ್ರಿಗೆ ಫೋನ್ ಮಾಡಿದೆ. "ಸಾರ್, ನನ್ನ ಪಾಠ ಒಬ್ರೂ ಕೇಳಲ್ಲ. ನನ್ನ ಕೈಲಿ ಆಗಲ್ಲ, ಕೆಲಸಾನೇ ಬಿಟ್ಬಿಡ್ತೀನಿ" ಅಂತ ಗೋಳಾಡಿದೆ.

"ಶುಕ್ರವಾರ ಬಂದು ಮಾತಾಡ್ತೀನಿ ಬಿಡಮ್ಮ" ಅಂದರು.

ಆ ವಾರದ ಪಾಠದಲ್ಲಿ 'ಫೋರ್‌ಬೇರ್' ಅನ್ನೋ ಪದ ಬಂತು. "ಸ್ಕಾಟ್ಲೆಂಡ್ ಕಡೆಯ ಹಳೇ ಪದ. ಫೋರ್ ಅಂದ್ರೆ ಮುಂಚೆ, ಬೇರ್ ಅಂದ್ರೆ ಇದ್ದವರು. ನಮಗಿಂತ ಮುಂಚೆ ಇದ್ದವರು, ಪೂರ್ವಿಕರು" ಅಂತ ಬಿಡಿಸಿ ಹೇಳಿದೆ.

"ಹಂಗಾದ್ರೆ ನಿಮ್ಮ ಫೋರ್‌ಬೇರ್ ಹಳೇ ಸಾರಾ ಮಿಸ್?" ಅಂದಳು ಲೀಡರ್.

"ಹೂಂ ಕಣಮ್ಮ, ಒಂಥರಾ ಹಂಗೇ. ಅಂಥವರಿಗೆ ಗೌರವ ತೋರಿಸಬೇಕು."

ಹೇಗೆ ತೋರಿಸಬೇಕು ಅಂತ ಹೇಳೋಷ್ಟರಲ್ಲಿ ಬೆಲ್ ಹೊಡೀತು.

೩

ಶುಕ್ರವಾರ. ಮರುದಿನ ಮಹಾಲಯ ಅಮಾವಾಸ್ಯೆ. ಮೇಷ್ಟ್ರನ್ನ ಬಸ್‌ಸ್ಟ್ಯಾಂಡಿಂದ ಕರ್ಕೊಂಡು ಬಂದು ಕ್ಲಾಸಿನ ಬಾಗಿಲು ತೆಗೆದೆ.

ಮೇಜಿನ ಮೇಲೆ ಅವರದೇ ಫೋಟೋ! ಚೆಂಡುಹೂವಿನ ಹಾರ, ಕುಂಕುಮ, ಊದುಬತ್ತಿ. ಮುಂದೆ ಬಾಳೆಎಲೆ ಹಾಸಿ ಎಡೆ ಇಟ್ಟಿದ್ದರು: ವಡೆ, ಚಿತ್ರಾನ್ನ, ಪಾಯಸ.

"ಏನ್ರೇ ಇದು?" ಅಂತ ಚೀರಿದೆ.

"ನೀವೇ ಹೇಳಿದ್ರಲ್ಲ ಮಿಸ್, ಮುಂಚೆ ಇದ್ದವರಿಗೆ ಗೌರವ ತೋರಿಸಿ ಅಂತ. ನಮ್ಮನೇಲಿ ಹಿಂಗೇ ಮಾಡೋದು" ಅಂದಳು ಲೀಡರ್.

ಮೇಷ್ಟ್ರು ಫೋಟೋ ನೋಡಿದರು. ವಡೆ ನೋಡಿದರು. ಕುರ್ಚಿ ಎಳೆದು ಕೂತೇಬಿಟ್ಟರು.

"ಸಾರ್ ಸಾರ್, ಕಾಗೆ ಮುಟ್ಟೋ ತನಕ ತಿನ್ನಂಗಿಲ್ಲ!" ಅಂದಳು ಲೀಡರ್.

"ನಾನೇ ಬಂದಿದೀನಲ್ಲಮ್ಮ, ಕಾಗೆಗ್ಯಾಕೆ ತೊಂದರೆ?" ಅಂತ ವಡೆ ಮುರಿದರು.

ನಾನು "ತಪ್ಪಾಯ್ತು ಸಾರ್" ಅಂತ ಅಳೋದೊಂದು ಬಾಕಿ. ಆಗ ಆ ಪುಣ್ಯಾತ್ಮ ಆಡಿದ ಮಾತಿಂದಲೇ ನಾನಿವತ್ತೂ ಟೀಚರಾಗಿ ಉಳಿದಿದೀನಿ. ಅವರ ಋಣ ಈ ಜನ್ಮಕ್ಕೆ ತೀರಲ್ಲ.

"ನಿನ್ನ ಪಾಠ ಒಬ್ರೂ ಕೇಳಲ್ಲ ಅಂತ ಗೋಳಾಡಿದೆಯಲ್ಲಮ್ಮ," ಅಂದರು ವಡೆ ಅಗಿಯುತ್ತಾ. "ಕೇಳದೇ ಇದ್ದಿದ್ರೆ ನಾನು ಇನ್ನೂ ಬದುಕಿರ್ತಿದ್ದೆ!"