ಕೆಮ್ಮಿದವರನ್ನು ಮಾತಾಡಿಸುವ ಊರಿನಲ್ಲಿ

ನಮ್ಮ ಕಡೆಯ ಜನ ಸುಮ್ಮನೆ ಕೂತರೂ ಏನಾದರೊಂದು ನಡೆದೇ ತೀರುತ್ತದೆ. ಇನ್ನು ಸರ್ಕಾರವೇ ಎಲ್ಲರೂ ಮನೆಯಲ್ಲಿ ಸುಮ್ಮನೆ ಕೂಡ್ರಿ ಎಂದ ಮೇಲೆ ಕೇಳಬೇಕೆ? ಕೊರೊನಾ ಬಂದ ಆ ಮೊದಲ ದಿನಗಳಲ್ಲಿ ನಾನು ಕಂಡದ್ದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ನಕ್ಕು ಮುಗಿದ ಮೇಲೂ ಬಾಯಿ ತೆರೆದೇ ಇರುತ್ತದೆ, ಅದು ಬೆರಗಿಗೆ.

ನನ್ನ ಮನೆ ಬನಹಟ್ಟಿಯಲ್ಲಿ. ನಾನು ಮಾಸ್ತರ, ಶಾಲೆ ಇರುವುದು ಮುಧೋಳ ತಾಲೂಕಿನಲ್ಲಿ, ಲೋಕಾಪುರದ ಹತ್ತಿರದ ಒಂದು ಹಳ್ಳಿಯಲ್ಲಿ. ಈ ಸೀಮೆಯಲ್ಲಿ ಒಂದು ಪದ್ಧತಿ ಉಂಟು. ಯಾರಿಗಾದರೂ ಆರಾಮಿಲ್ಲ ಎಂದು ಕಿವಿಗೆ ಬಿದ್ದರೆ ಸಾಕು, ಕೈಯಲ್ಲಿ ಬ್ರೆಡ್ಡೋ ಬಾಳೆಹಣ್ಣೋ ಹಿಡಿದುಕೊಂಡು ಹೋಗಿ ಮಾತಾಡಿಸಿ ಬರಬೇಕು. ಮದುವೆಗೆ ಹೋಗದಿದ್ದರೆ ಮಾಫಿ ಉಂಟು. ಆರಾಮಿಲ್ಲದಾಗ ಹೋಗದಿದ್ದರೆ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಇಂಥ ಸೀಮೆಗೆ, ಯಾರೂ ಯಾರ ಹತ್ತಿರವೂ ಹೋಗಬಾರದು ಎನ್ನುವ ರೋಗ ಬಂತು ನೋಡಿ!

೧. ಫೋನಿನೊಳಗಿನ ರೋಗಿ

ಜಮಖಂಡಿಯಲ್ಲಿ ನನ್ನ ಸೋದರತ್ತೆ ಇದ್ದಾಳೆ. ವಯಸ್ಸು ಎಂಬತ್ತು ದಾಟಿದೆ, ದನಿ ಮಾತ್ರ ಇಪ್ಪತ್ತರದ್ದು. ಲಾಕ್‌ಡೌನ್ ಇನ್ನೂ ಆಗಿರಲಿಲ್ಲ, ಬಸ್ಸು ಓಡಾಡುತ್ತಿದ್ದವು. ಫೋನ್ ಹಚ್ಚಿದರೆ ಮಾತ್ರ ಮೊದಲು ಯಾರೋ ಖೊಕ್ ಖೊಕ್ ಎಂದು ಕೆಮ್ಮಿ, ಆಮೇಲೆ ಕೈ ತೊಳೆಯುವ ಉಪದೇಶ ಬರುತ್ತಿತ್ತು, ನೆನಪಿದೆಯಲ್ಲ? ಅತ್ತೆ ನನಗೆ ಫೋನ್ ಹಚ್ಚಿದಳಂತೆ, ಕೆಮ್ಮು ಕೇಳಿದಳಂತೆ, ಗಾಬರಿಯಾಗಿ ಇಟ್ಟೇಬಿಟ್ಟಳಂತೆ.

ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಜಮಖಂಡಿ ಬಸ್ಸಿನ ಕಂಡಕ್ಟರ್ ನನ್ನನ್ನು ಕೂಗಿ ಕರೆದು ಕಷಾಯದ ಬಾಟಲಿಯೊಂದನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟ.

"ನಿಮ್ಮ ಅತ್ತಿಯವರು ಕೊಟ್ಟಾರ್ರಿ ಸರ. ಭಾಳ ಕೆಮ್ಮಾಕತ್ತೀರಂತಲ್ಲ, ಅಲ್ಲೇ ದೂರ ನಿಲ್ರಿ. ನಾ ಬಸ್ ಬಿಟ್ಟ ಮ್ಯಾಲ ತಗೋರಿ."

ಬಸ್ಸು ಹೊರಟುಬಿಟ್ಟರೆ ಬಾಟಲಿಯೂ ಹೋಗುತ್ತದೆ ಎಂದು ಅವನಿಗೆ ತಿಳಿಸಿ ಹೇಳಿ ಇಸಿದುಕೊಳ್ಳುವಷ್ಟರಲ್ಲಿ ಸುತ್ತಲಿನ ಜನ ಕರಗಿಹೋಗಿದ್ದರು. ಮನೆಗೆ ಬಂದು ಅತ್ತೆಗೆ ಫೋನ್ ಮಾಡಿದೆ.

"ಅತ್ತಿ, ಕೆಮ್ಮಿದಾಂವ ನಾ ಅಲ್ಲ. ಫೋನ್ ಕಂಪನಿಯವರು ಹಾಕಿದ್ದದು. ಯಾರಿಗೆ ಹಚ್ಚಿದ್ರೂ ಮೊದ್ಲ ಅಂವನ ಕೆಮ್ಮತಾನ."

"ಅಂದ್ರ ದಿನಾ ಊರಮಂದಿಗೆಲ್ಲ ಅವನೊಬ್ಬನ ಕೆಮ್ಮತಾನ?"

"ಹೂಂ."

"ಅಯ್ಯ ಪಾಪ! ಹೆಂಡ್ರು ಮಕ್ಕಳು ಇಲ್ಲೇನ ಅವಂಗ? ಎಲ್ಲಿರ್ತಾನ ಕೇಳಿ ಹೇಳು, ಇನ್ನೊಂದು ಬಾಟ್ಲಿ ಕಾಸತೇನಿ."

೨. ಸೀರೆ ಇಲ್ಲದ ಮಗ್ಗ

ನಮ್ಮ ಮನೆಗೆ ಒತ್ತಿಕೊಂಡೇ ಒಬ್ಬ ನೇಕಾರನ ಮನೆ ಇದೆ. ಮುಂದಿನ ಕೋಣೆಯಲ್ಲಿ ವಿದ್ಯುತ್ ಮಗ್ಗ, ಹಿಂದೆ ಸಂಸಾರ. ಹಿರಿಯ ಮಗಳು ಬಾಣಂತನಕ್ಕೆ ಬಂದಿದ್ದಳು. ಕಿರಿಯ ಮಗಳ ಮದುವೆ ನನ್ನ ಶಾಲೆ ಇರುವ ಹಳ್ಳಿಯ ರೈತರ ಮನೆಗೆ ಗೊತ್ತಾಗಿತ್ತು. ನಡುವೆ ನಿಂತು ಸಂಬಂಧ ಕೂಡಿಸಿದವನು ನಾನೇ. ನೇಕಾರ ಮಾತ್ರ ಕೆಲಸಕ್ಕೆಂದು ಮಹಾರಾಷ್ಟ್ರದ ಇಚಲಕರಂಜಿಗೆ ಹೋದವನು ಲಾಕ್‌ಡೌನ್ ಆದದ್ದೇ ಅಲ್ಲೇ ಸಿಕ್ಕಿಬಿದ್ದ.

ಊರಿನ ಮಗ್ಗಗಳೆಲ್ಲ ನಿಂತವು. ನಾನು ಹುಟ್ಟಿದಾಗಿನಿಂದ ಬನಹಟ್ಟಿ ಬಾಯಿ ಮುಚ್ಚಿದ್ದನ್ನು ಕಂಡವನಲ್ಲ. ಟಕಪಕ ಸದ್ದು ನಿಂತ ಆ ಮಧ್ಯಾಹ್ನ ನಮ್ಮ ಓಣಿಯಲ್ಲಿ ಗುಬ್ಬಿ ಚಿಂವ್ ಎಂದದ್ದು ಕೇಳಿ ನಾವೆಲ್ಲ ಹೊರಗೆ ಬಂದು ನಿಂತು ಒಬ್ಬರ ಮುಖ ಒಬ್ಬರು ನೋಡಿದೆವು. ಇಷ್ಟು ವರ್ಷ ಈ ಗುಬ್ಬಿ ಇಲ್ಲೇ ಇತ್ತೇ?

ಎಲ್ಲರಿಗೂ ಬೆರಗು, ಆ ಮನೆಯ ಕೂಸಿಗೆ ಮಾತ್ರ ಸಂಕಟ. ಹೊಟ್ಟೆಯಲ್ಲಿದ್ದಾಗಿನಿಂದ ಮಗ್ಗದ ಸದ್ದಿನಲ್ಲೇ ಮಲಗಿದ್ದು ಅದು. ಸದ್ದಿಲ್ಲದೆ ನಿದ್ದೆ ಬಾರದು. ಎರಡು ದಿನ ಓಣಿಗೆಲ್ಲ ಕೇಳುವಂತೆ ಅತ್ತಿತು. ಜೋಗುಳ ಹಾಡಿದರು, ದೃಷ್ಟಿ ತೆಗೆದರು, ಏನೂ ನಾಟಲಿಲ್ಲ. ಕೊನೆಗೆ ನೇಕಾರನ ಹೆಂಡತಿ ನೂಲೇ ಇಲ್ಲದ ಮಗ್ಗದ ಬಟನ್ ಒತ್ತಿದಳು. ಕೂಸು ತಟ್ಟನೆ ಸುಮ್ಮನಾಗಿ ಕಣ್ಣು ಮುಚ್ಚಿತು.

ಸದ್ದು ಕೇಳಿ ಪೊಲೀಸ್ ಬಂದ. ಬೀಳಗಿ ಕಡೆಯವನು, ಬಂದೋಬಸ್ತಿಗೆ ಹಾಕಿದ್ದರು. ನಿಂತು ನಿಂತು ಕಣ್ಣು ಕೆಂಪಾಗಿದ್ದವು.

"ಯಾರ ಹುಕುಂ ಮ್ಯಾಲ ಸೀರಿ ನೇಯಾಕತ್ತೀರಿ?"

"ಸೀರಿ ಎಲ್ಲಿ ಐತ್ರಿ ಸಾಹೇಬ್ರ? ನೋಡ್ರಿ, ಒಂದ ಎಳಿ ನೂಲಿಲ್ಲ. ಕೂಸು ಮಲಗ್ಸಾಕ ಹಚ್ಚೇನಿ."

ಅವನು ನಂಬಲಿಲ್ಲ. ಬಗ್ಗಿ ನೋಡಿದ, ತೊಟ್ಟಿಲು ನೋಡಿದ, ಮತ್ತೆ ಮಗ್ಗ ನೋಡಿದ. ಪರೀಕ್ಷೆ ಮಾಡುತ್ತೇನೆ ಎಂದು ಗೋಡೆಗೆ ಆನಿಕೊಂಡು ಕೂತ. ಗದ್ದಲ ಕೇಳಿ ಬಂದಿದ್ದ ನಾನು ನಮ್ಮ ಮನೆಗೆ ಹೋಗಿ ಅವನಿಗೆಂದು ಚಹಾ ತರುವಷ್ಟರಲ್ಲಿ ಟೋಪಿ ಮೂಗಿನ ಮೇಲೆ ಬಿದ್ದಿತ್ತು, ಗೊರಕೆ ಮಗ್ಗಕ್ಕೆ ತಾಳ ಹಾಕುತ್ತಿತ್ತು.

"ಕರೆಂಟ್ ಬಿಲ್ ಬರ್ತದವ್ವಾ, ಇನ್ನ ಬಂದ್ ಮಾಡು," ಎಂದೆ.

ಆಕೆ ಬಾಯಿಗೆ ಸೆರಗು ಹಿಡಿದು ಪಿಸುಗುಟ್ಟಿದಳು. "ಹ್ಯಾಂಗ ಮಾಡ್ಲಿ ಸರ? ಎರಡ ಕೂಸು ಏಳ್ತಾವು!"

೩. ಯಾರಿಗೂ ಗೊತ್ತಾಗಬಾರದು

ಕೆಲವು ದಿನಗಳಾದ ಮೇಲೆ ನೇಕಾರ ಉಳ್ಳಾಗಡ್ಡಿಯ ಲಾರಿ ಹತ್ತಿ ಮಹಾರಾಷ್ಟ್ರ ದಾಟಿ ಬಂದ. ಗಡಿಯಲ್ಲೇ ಹಿಡಿದು ನೇರವಾಗಿ ನಮ್ಮೂರಿನ ಹಾಸ್ಟೆಲ್ಲಿಗೆ ತಂದು ಹಾಕಿದರು. ಕೆಮ್ಮಿಲ್ಲ, ಜ್ವರವಿಲ್ಲ, ಆದರೂ ಎರಡು ವಾರ ಒಳಗಿರಬೇಕು. ಆ ಹಾಸ್ಟೆಲ್ಲಿನ ಗೇಟಿಗೆ ಡ್ಯೂಟಿ ಹಾಕಿದ್ದು ಯಾರನ್ನು? ಶಾಲೆ ಮುಚ್ಚಿತ್ತಲ್ಲ, ನನ್ನನ್ನೇ.

ಮೊದಲ ದಿನ ಅವನು ಕಿಟಕಿಯಿಂದ ನನ್ನನ್ನು ಕರೆದ. ಮುಖ ಸಣ್ಣದಾಗಿತ್ತು.

"ಸರ, ಜಡ್ಡಿಗೆ ನಾ ಹೆದರೂದಿಲ್ಲ. ಬೀಗರ ಕಿವಿಗೆ ಬಿದ್ರ ಹುಡುಗಿ ಮದುವಿ ಮುರೀತೈತಿ. ಕೊರೊನಾದವರ ಮನಿ ಅಂತ ಹೆಸರು ಬಿತ್ತಂದ್ರ ಮತ್ತ್ಯಾರು ಮಾಡ್ಕೋತಾರ? ನಿಮ್ಮ ಕಾಲ ಬೀಳ್ತೇನಿ, ಯಾರಿಗೂ ಗೊತ್ತಾಗಬಾರ್ದು."

ಆ ಹುಡುಗಿ ನನ್ನ ಕಣ್ಣೆದುರು ಬೆಳೆದವಳು. ಇಂಥ ಕಾರಣಕ್ಕೆ ಮುರಿದ ಸಂಬಂಧಗಳ ಸುದ್ದಿ ಆಗಲೇ ಅಲ್ಲೊಂದು ಇಲ್ಲೊಂದು ಕೇಳಿಬರುತ್ತಿತ್ತು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ, ಅವನ ಮನೆಯವರಿಗೂ ಎಚ್ಚರಿಕೆ ಹೇಳಿ ಕಳಿಸಿದೆ.

ಸಂಜೆ ಅವನ ಹೆಂಡತಿ ಬಂದಳು. ಒಳಗೆ ಬಿಡುವಂತಿರಲಿಲ್ಲ. ಆಕೆ ಅಂತರದ ನಿಯಮವನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದಳೆಂದರೆ ರಸ್ತೆಯ ಆಚೆ ಬದಿ ಹಿಟ್ಟಿನ ಗಿರಣಿಯ ಕಟ್ಟೆ ಹತ್ತಿ ನಿಂತಳು. ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು.

"ಏನ್ರೀ! ನೀವ್ ಕ್ವಾರಂಟೈನ್‌ದಾಗ ಇದ್ದದ್ದು ಲೋಕಾಪುರ ಕಡಿ ಬೀಗರಿಗೆ ಗೊತ್ತಾಗಬಾರ್ದಂತ ನಾ ಯಾರ ಮುಂದೂ ಬಾಯಿ ಬಿಟ್ಟಿಲ್ರೀ!"

೪. ಬೇವಿನ ನೀರು, ಬಸಿಯ ಚಹಾ

ಅದೇ ವಾರ ಮಕ್ಕಳ ಬಿಸಿಯೂಟದ ಅಕ್ಕಿಯನ್ನು ಮನೆಮನೆಗೆ ಹಂಚಬೇಕೆಂದು ಆದೇಶ ಬಂತು. ಒಂದು ದಿನದ ಮಟ್ಟಿಗೆ ಗೇಟನ್ನು ಇನ್ನೊಬ್ಬರಿಗೆ ಒಪ್ಪಿಸಿ, ಪಾಸು ಹಿಡಿದು ಬೈಕಿನಲ್ಲಿ ಶಾಲೆಗೆ ಹೋದೆ. ಹಳ್ಳಿಯ ಬಾಯಿಗೆ ಜಾಲಿಮುಳ್ಳಿನ ಬೇಲಿ ಬಡಿದಿದ್ದರು. ಬೇಲಿಯ ಹಿಂದೆ ಬೆನ್ನಿಗೆ ಔಷಧ ಹೊಡೆಯುವ ಪಂಪು ಕಟ್ಟಿಕೊಂಡು, ಮೂಗಿಗೆ ಟವೆಲ್ ಸುತ್ತಿಕೊಂಡು ಒಬ್ಬ ಹಿರಿಯರು ನಿಂತಿದ್ದರು. ಟವೆಲ್ಲಿನ ಮೇಲಿನ ಕಣ್ಣು ನೋಡಿಯೇ ಗುರುತು ಹಿಡಿದೆ. ವರನ ತಂದೆ, ನಮ್ಮ ನೇಕಾರನ ಬೀಗರು!

"ನಮಸ್ಕಾರ್ರಿ ಗೌಡ್ರ," ಎಂದೆ.

"ನಮಸ್ಕಾರ್ರಿ ಸರ. ಕೈ ಮ್ಯಾಲೆತ್ರಿ. ಕಣ್ಣು ಮುಚ್ರಿ."

ತಲೆಯಿಂದ ಕಾಲಿನವರೆಗೆ, ಮುಂದೆ ಹಿಂದೆ, ಕಂಕುಳನ್ನೂ ಬಿಡದೆ ಬೇವಿನ ನೀರು ಹೊಡೆದರು. ಎಲೆಯ ಕೆಳಬದಿಗೆ ಹುಳ ಹುಡುಕುವಂತೆ ನನ್ನ ಕಿವಿ ಮಡಚಿ ಹಿಂದಕ್ಕೂ ಹೊಡೆದರು. ಆಮೇಲೆ ಪಂಪು ಕೆಳಗಿಟ್ಟು ಕೇಳಿದರು.

"ನಮ್ಮ ಬೀಗರನ್ನ ಹಾಸ್ಟೆಲ್‌ದಾಗ ಹಾಕ್ಯಾರಂತ, ಖರೇನ?"

ಗಿರಣಿ ಕಟ್ಟೆಯ ಕೂಗು ಮುಧೋಳ ದಾಟಿ ಬಂದಿತ್ತು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಖರೆ. ಆದ್ರ ಅವರಿಗೇನೂ ಆಗಿಲ್ರಿ, ಆರಾಮ ಅದಾರ," ಎಂದೆ.

ಅವರು "ಹೌದಾ?" ಎಂದವರೇ ಪಂಪು ಎತ್ತಿ ಮತ್ತೆ ಬೆನ್ನಿಗೆ ಕಟ್ಟಿಕೊಂಡರು. ಮುಗಿಯಿತು ಕತೆ, ಸಂಬಂಧ ಮುರಿಯಿತು ಎಂದುಕೊಂಡೆ. ಆ ಹುಡುಗಿಗೆ ಏನು ಹೇಳಲಿ ಎಂದು ಅಕ್ಕಿ ಅಳೆಯುವಾಗಲೂ ಅದೇ ಚಿಂತೆ.

ಹಂಚಿ ಮುಗಿಸಿ ಮರಳುವಾಗ ಅವರು ಬೇಲಿಯ ಹತ್ತಿರ ಕೂಡಿಸಿದರು. ಮನೆಯಿಂದ ಒಂದೇ ಕಪ್ಪು-ಬಸಿಯಲ್ಲಿ ಚಹಾ ಬಂತು. ಬಸಿಗೆ ಸುರುವಿ ಅರ್ಧ ತಾವು ಸುರ್ರೆಂದು ಕುಡಿದು, ಉಳಿದದ್ದನ್ನು ಅದೇ ಬಸಿಯಲ್ಲಿ ನನ್ನ ಕೈಗೆ ಕೊಟ್ಟರು.

"ಗೌಡ್ರ, ಬರೋವಾಗ ಹಂಗ ತೊಯ್ಸಿದ್ರಿ, ಈಗ ಎಂಜಲ ಚಾ ಕೊಡಾಕತ್ತೀರಿ?"

"ಔಷಧ ಹೊಡ್ದೇನಲ್ರಿ! ಹೊಡ್ದ ಮ್ಯಾಲೂ ಹೆದರಿದ್ರ ಔಷಧಕ್ಕ ಏನ್ ಮರ್ಯಾದಿ ಉಳೀತು?"

೫. ಬೀಗರು ಬಂದರು

ಎರಡು ದಿನ ಬಿಟ್ಟು ಮುಂಜಾನೆ ನಾನು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದೆ. ಹೊಲದ ದಾರಿ ಹಿಡಿದು, ಪೊಲೀಸರ ಕಣ್ಣು ತಪ್ಪಿಸಿ ಬಂದ ಬೈಕೊಂದು ಎದುರಿಗೆ ನಿಂತಿತು. ಇಳಿದವರು ಅದೇ ಬೀಗರು, ಜೊತೆಗೆ ಅವರ ಅಣ್ಣ. ಇಬ್ಬರ ತಲೆಗೂ ಹೊಸ ಪಟಗ. ನಮ್ಮಲ್ಲಿ ಸಂಬಂಧ ಕೂಡಿಸಲು ಬಂದರೂ, ಮುರಿಯಲು ಬಂದರೂ ಹಿರಿಯರು ಇಬ್ಬರೇ ಬರುವುದು. ಕಿಟಕಿಯಲ್ಲಿ ನೇಕಾರನ ಮುಖ ಕಂಡಿತು. ಬಿಳಿಚಿಕೊಂಡಿತ್ತು.

"ಅಲ್ಲೇ ನಿಲ್ರಿ ಗೌಡ್ರ, ಒಳಗ ಬರೂ ಹಂಗಿಲ್ಲ!" ಎಂದು ಎದ್ದೆ.

"ನೀವು ದೂರ ನಿಲ್ರಿ ಸರ, ಅದು ನಿಮ್ಮ ಕಾಯ್ದೆ. ನಮ್ಮದೂ ಒಂದು ಕಾಯ್ದೆ ಐತಿ," ಎಂದವರೇ ಗೇಟು ತಳ್ಳಿಕೊಂಡು ಒಳಗೆ ನಡೆದರು. ತಡೆಯಬೇಕೆಂದರೆ ಮುಟ್ಟಬೇಕು, ಮುಟ್ಟಬಾರದೆಂದು ನನಗೆ ಮೇಲಿನವರ ಆಜ್ಞೆ! ನಾನು ಕೈ ಚಾಚಿಕೊಂಡು ಹಿಂದೆ ಹಿಂದೆ ಓಡಿದೆ.

ನೇಕಾರ ಪಡಸಾಲೆಗೆ ಬಂದು ಕೈ ಮುಗಿದು ನಿಂತಿದ್ದ. ಬೀಗರು ತಂದಿದ್ದ ಬಾಳೆಹಣ್ಣು ಕೆಳಗಿಟ್ಟು, ಸೀದಾ ಹೋಗಿ ಅವನ ಎರಡೂ ಕೈ ಹಿಡಿದರು, ಅಣ್ಣ ಬೆನ್ನು ಸವರಿದರು.

"ಆರಾಮದೀರೇನ್ರಿ ಬೀಗರ? ಊಟ ಸರಿ ಸೇರತೈತಿ?"

"ಮದುವಿ..." ಎಂದ ನೇಕಾರ.

"ಮದುವಿಗೇನಾಗೈತಿ? ಇವತ್ತ ನಾವು ಮಾತಾಡ್ಸಾಕ ಬರಲಿಲ್ಲಂದ್ರ, ನಾಳೆ ನಿಮ್ಮ ಮಗಳು ನಮ್ಮ ಮನಿ ಹೊಸ್ತಿಲ ತುಳಿದಾಗ ನಾ ಯಾವ ಮಾರಿ ತೋರಸ್ಲಿ? ನಮ್ಮಪ್ಪಗ ಕಷ್ಟ ಇದ್ದಾಗ ಇವರು ಬಾಗಲಾ ಹಾಕ್ಕೊಂಡ್ರು ಅನ್ನಬಾರದೇನ ಆ ಹುಡುಗಿ?"

ನೇಕಾರ ಅವರ ಹೆಗಲಿಗೆ ತಲೆಯಿಟ್ಟು ಗೊಳೋ ಎಂದು ಅತ್ತ. ನಾನು ಗೇಟಿನ ಕಡೆ ತಿರುಗಿ ನಿಂತೆ. ಜಗತ್ತೆಲ್ಲ ಬಾಗಿಲು ಹಾಕಿಕೊಂಡ ದಿನಗಳಲ್ಲಿ, ಮುಳ್ಳಿನ ಬೇಲಿ ಕಾಯುತ್ತಿದ್ದ ಮನುಷ್ಯನೇ ಬಾಳೆಹಣ್ಣು ಹಿಡಿದು ರೋಗದ ಮನೆಗೆ ಬಂದಿದ್ದ. ಇದನ್ನು ಹುಚ್ಚೆನ್ನಲೋ ದೊಡ್ಡತನವೆನ್ನಲೋ ನನಗೆ ಇಂದಿಗೂ ತಿಳಿದಿಲ್ಲ. ನನ್ನ ಮಾಸ್ಕು ಮಾತ್ರ ಒದ್ದೆಯಾಗಿತ್ತು.

ಅಷ್ಟರಲ್ಲಿ ತಪಾಸಣೆಗೆಂದು ಡಾಕ್ಟರಮ್ಮ ಬಂದರು. ಬೀಗರು ಬೀಗರನ್ನು ತಬ್ಬಿಕೊಂಡಿದ್ದು ನೋಡಿ ಚೀರಿದರು. "ಮುಟ್ಟಿದವರೆಲ್ಲ ಒಳಗ! ಇವತ್ತಿನಿಂದ ಎರಡ ವಾರ ಹೊರಗ ಕಾಲಿಡೂ ಹಂಗಿಲ್ಲ!"

ಬೀಗರು ಅಣ್ಣನ ಮುಖ ನೋಡಿದರು. "ಊಟ ನಿಮ್ದೇನ್ರಿ ಅಕ್ಕಾರ?"

"ಹೂಂ."

"ಹಂಗಾರ ಛಲೋ ಆತು. ಮದುವಿ ಮಾತು ಗಡಿಬಿಡಿ ಇಲ್ದ ಮುಗಸ್ತೇವಿ."

ಮುಗಿಸಿದರು ಕೂಡ. ಅಡುಗೆಗೆ ಏನು, ಯಾರನ್ನು ಕರೆಯುವುದು, ಯಾರನ್ನು ಬಿಡುವುದು, ಎಲ್ಲವೂ ಹಾಸ್ಟೆಲ್ಲಿನ ಪಡಸಾಲೆಯಲ್ಲೇ ನಿಕ್ಕಿಯಾಯಿತು. ನಮ್ಮಲ್ಲಿ ಬೀಗರು ಒಂದು ಹೊತ್ತು ಒಂದೇ ಕಡೆ ಇದ್ದರೆ ಒಂದು ಜಗಳವಾದರೂ ಆಗಲೇಬೇಕು. ಇವರು ಒಂದೇ ಸೂರಿನಡಿ ಇದ್ದು ನಗುನಗುತ್ತ ಚೌಕಾಬಾರ ಆಡಿದ್ದನ್ನು ಕಂಡು ಡಾಕ್ಟರಮ್ಮನೂ ಬೆರಗಾಗಿ ನಿಂತುಬಿಟ್ಟರು. ಮೂವರ ಗಂಟಲಿನ ಪರೀಕ್ಷೆಯಲ್ಲೂ ಏನೂ ಇಲ್ಲವೆಂದು ವರದಿ ಬಂತು.

ಮೊದಲು ಬಂದ ನೇಕಾರನ ಅವಧಿ ಮೊದಲು ಮುಗಿಯಿತು. ಅವನನ್ನು ಮನೆಗೆ ಬಿಟ್ಟರು. ಬೀಗರಿಬ್ಬರೂ ಇನ್ನೂ ಕೆಲವು ದಿನ ಇರಬೇಕಿತ್ತು. ಹುಡುಗಿಯ ಮದುವೆ ಉಳಿಯಿತಲ್ಲ ಎಂದು ನಾನೂ ಆ ದಿನ ನೆಮ್ಮದಿಯಿಂದ ಮಲಗಿದೆ.

ಮರುದಿನ ಬೆಳಿಗ್ಗೆ ನೋಡಿದರೆ ಗೇಟಿನೆದುರು ನೇಕಾರ! ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ರೊಟ್ಟಿಯ ಬುತ್ತಿ, ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟ ಹೆಂಡತಿ.

"ಈಗ ತಾನ ಹೊರಗ ಬಿಟ್ಟಾರ, ಮತ್ಯಾಕ ಬಂದಿ ಮಾರಾಯಾ?"

"ಏನ್ ಸರ ಹಿಂಗಂತೀರಿ! ಬೀಗರು ಕ್ವಾರಂಟೈನ್‌ದಾಗ ಅದಾರ, ಮಾತಾಡ್ಸದ ಹ್ಯಾಂಗಿರ್ಲಿ?"

ನಾನು ಗೇಟಿಗೆ ಬೀಗ ಜಡಿದು, ಕೀಲಿಕೈ ಕಿಸೆಗೆ ಹಾಕಿ, ಅದಕ್ಕೇ ಬೆನ್ನು ಕೊಟ್ಟು ನಿಂತೆ. ಇವರು ಒಳಗೆ ಹೋದರೆ ಇವರಿಗೆ ಎರಡು ವಾರ. ಅವರು ಹೊರಬಂದವರು ಮತ್ತೆ ಇವರನ್ನು ಮಾತಾಡಿಸಲು ಬರುತ್ತಾರೆ. ಲಾಕ್‌ಡೌನ್ ಮುಗಿದರೂ ಈ ಮದುವೆ ಮುಗಿಯಲಿಕ್ಕಿಲ್ಲ!

ಆಗ ಕಿಟಕಿಯಿಂದ ಬೀಗರ ದನಿ ಬಂತು. "ಬಿಡ್ರಿ ಸರ, ಒಳಗ ಬರ್ಲಿ! ಹುಡುಗಿ ಕಡಿಯವರು ಮಾತಾಡ್ಸಾಕ ಬರಲಿಲ್ಲಂತ ಗೊತ್ತಾದ್ರ ನಮ್ಮ ಮನ್ಯಾನ ಹೆಣಮಕ್ಕಳು ಮದುವೀನ ಮುರೀತಾರ!"